ಪರದೆಗೆ ಕೊಟ್ಟ ಬಿಡುವು

“ಗುರುಗಳೇ, ಮದುವೆಯಾಗಿ ಹದಿನಾರು ವರ್ಷವಾಯಿತು. ನನ್ನ ಮನೆಯವಳು ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ. ಆಕೆ ಸುಖವಾಗಿದ್ದಾಳೆ ಎಂದೇ ಅಲ್ಲವೆ ಇದರ ಅರ್ಥ?” ಎಂದು ಗೃಹಸ್ಥ ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಇನ್ನೂರು ಮನೆಗಳ ವಸತಿ ಸಮುಚ್ಚಯವಿತ್ತು. ಬಚ್ಚಲು, ಕಕ್ಕಸುಗಳ ಕೊಳಕು ನೀರೆಲ್ಲ ಒಂದು ತೊಟ್ಟಿಗೆ ಬರುತ್ತಿತ್ತು. ಅಲ್ಲಿ ಸೂಕ್ಷ್ಮ ಜೀವಿಗಳು ಕೊಳೆಯನ್ನು ತಿನ್ನುತ್ತಿದ್ದವು. ಉಳಿದದ್ದನ್ನು ಮೆಂಬ್ರೇನ್ ಎಂಬ ಪರದೆ ತಡೆಯುತ್ತಿತ್ತು. ಅದರ ರಂಧ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಪಂಪು ಎಳೆದರೆ ಆಚೆಗೆ ತಿಳಿನೀರು ಬರುತ್ತಿತ್ತು. ಗಿಡಗಳಿಗೂ ಕಕ್ಕಸುಗಳಿಗೂ ಮತ್ತೆ ಅದೇ ನೀರು.

ಅದನ್ನು ಒಬ್ಬ ಕೆಲಸಗಾರ ನೋಡಿಕೊಳ್ಳುತ್ತಿದ್ದ. ಎಂಟು ನಿಮಿಷ ಎಳೆದ ಮೇಲೆ ಪಂಪನ್ನು ಎರಡು ನಿಮಿಷ ನಿಲ್ಲಿಸಬೇಕು. ಆಗ ಕೆಳಗಿನಿಂದ ಗಾಳಿಯ ಗುಳ್ಳೆಗಳು ಎದ್ದು, ಪರದೆಗೆ ಅಂಟಿದ ಕೊಳೆಯನ್ನು ಉದುರಿಸುತ್ತವೆ. ಹನ್ನೊಂದು ವರ್ಷ ಅವನು ಈ ಬಿಡುವು ತಪ್ಪಿಸಲಿಲ್ಲ. ಕೊಳೆ ಕಟ್ಟಿದಂತೆ ಪರದೆಯ ಮೇಲೆ ಏರುವ ಒತ್ತಡವನ್ನು ತೋರಿಸುವ ಮುಳ್ಳನ್ನು ದಿನಕ್ಕೆ ಮೂರು ಸಲ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದ.

ಒಂದು ಬೇಸಿಗೆಯಲ್ಲಿ ನೀರು ಸಾಲದಾಯಿತು. ಬಿಡುವು ನಿಲ್ಲಿಸೆಂದು ನಿವಾಸಿಗಳ ಸಂಘದ ಅಧ್ಯಕ್ಷ ಬಂದು ಹೇಳಿದ.

“ನೀರೇನೋ ತಿಳಿಯಾಗೇ ಬರ್ತಿದೆಯಲ್ಲಯ್ಯ. ನಿನ್ನ ಪರದೆಗೆ ಬಾಣಂತನ ಬೇರೆ ಆಗಬೇಕೆ?”

“ನೀರು ನೋಡಬೇಡಿ ಸ್ವಾಮಿ, ಮುಳ್ಳು ನೋಡಿ. ರಂಧ್ರ ಕಟ್ಟಿಕೊಂಡು ಕೆಡುವ ದಿನದವರೆಗೂ ಪರದೆ ತಿಳಿನೀರನ್ನೇ ಕೊಡುತ್ತೆ.”

ಅಧ್ಯಕ್ಷ ಒಪ್ಪಿ ಹಿಂತಿರುಗಿದ. ಪರದೆ ಉಳಿಯಿತು.

ಕೆಲಸಗಾರನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಳು. ಅವಳ ನಾಲಗೆ ಹರಿತ. ತಮ್ಮನದು ದಿನಕ್ಕೊಂದು ಜಗಳ. ಇವನೂ ಹೊರಗಿನ ಸಿಟ್ಟನ್ನು ಮನೆಗೇ ತರುತ್ತಿದ್ದ. ಎಲ್ಲವೂ ಹೆಂಡತಿಯ ಮೇಲೆ ಬೀಳುತ್ತಿತ್ತು. ಅವಳ ಬಾಯಿಂದ ಬರುತ್ತಿದ್ದುದು ಮಾತ್ರ ಒಳ್ಳೆಯ ಮಾತು. ಎಲ್ಲರಿಗೂ ಬಡಿಸಿ, ಉಳಿದರೆ ಉಣ್ಣುತ್ತಿದ್ದಳು. ಒಮ್ಮೆ, ಎರಡು ದಿನ ತವರಿಗೆ ಹೋಗಿ ಬರಲೇ ಎಂದು ಕೇಳಿದಳು. ಈಗ ನಿನಗೇನಾಗಿದೆ ಎಂದ ಗಂಡ. ಏನೂ ಇಲ್ಲ ಎಂದು ನಕ್ಕು ಅವನ ತಟ್ಟೆಗೆ ಸಾರು ಬಡಿಸಿದಳು.

ಆ ಮಳೆಗಾಲದ ಒಂದು ಬೆಳಿಗ್ಗೆ ಒಲೆಯ ಮುಂದೆ ಕುಳಿತವಳು ಏಳಲಿಲ್ಲ.

ಎಷ್ಟು ದಿನದಿಂದ ಎದೆನೋವಿತ್ತು ಎಂದು ವೈದ್ಯರು ಕೇಳಿದರು. ಗಂಡನಿಗೆ ಗೊತ್ತಿರಲಿಲ್ಲ. ಮೂರು ತಿಂಗಳಿಂದ ಬಿಂದಿಗೆ ಇಳಿಸಿ ಇಳಿಸಿ ಮೆಟ್ಟಿಲು ಹತ್ತುತ್ತಿದ್ದಳು ಎಂದು ಪಕ್ಕದ ಮನೆಯಾಕೆ ಹೇಳಿದಳು.

ಕರ್ಮ ಮುಗಿಸಿ ಅವನು ಕೆಲಸಕ್ಕೆ ಹೋದ. ಪುಸ್ತಕ ತೆರೆದ. ಆ ಮೂರು ತಿಂಗಳಲ್ಲಿ ಒಂದು ಹೊತ್ತೂ ತಪ್ಪದೆ ಮುಳ್ಳಿನ ಅಂಕಿಗಳು ಅವನ ಕೈಬರಹದಲ್ಲೇ ಇದ್ದವು.

ಗುರುಗಳು ಕತೆ ನಿಲ್ಲಿಸಿದರು. ಆಮೇಲೆ ಶಿಷ್ಯನ ಕಡೆ ತಿರುಗಿ ಕೇಳಿದರು:

“ಈ ದಿನ ನೀನು ಹೊರಡುವಾಗ ಆಕೆ ಉಂಡಿದ್ದಳೆ?”

ಶಿಷ್ಯ ಎದ್ದು ಮನೆಯ ದಾರಿ ಹಿಡಿದ.