ಕಳಶ ಮುಟ್ಟಿದ ಕೈ

ಕಲ್ಲುಮರಡಿ ಸಂಸ್ಥಾನದ ಬೀದಿಗಳಲ್ಲಿ ಡಂಗುರ ಸಾರಿದರು.

“ಕೇಳಿರಿ, ಪ್ರಜೆಗಳೇ! ದೊರೆ ಹಂಪನಾಯಕರು ಮೋಟಾರಿನಿಂದಿಳಿದು ಗುಡಿಯ ಮುಂದೆ ಕಳಶ ಮುಟ್ಟಿದಾಗ ಅವರ ಕೈಯನ್ನು ಕಾಣದ್ದೊಂದು ಕಚ್ಚಿತು. ಕಳಶ ಹಿಡಿದಿದ್ದ ನೀಲವ್ವನ ಮೇಲೆ ಮಾಟದ ಆಪಾದನೆಯಿದೆ. ಅಮಾವಾಸ್ಯೆಗೆ ಅವಳಿಗೆ ಮರಣದಂಡನೆ. ಅಷ್ಟರೊಳಗೆ ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರಿಗೆ ನೀಲವ್ವನ ಗತಿಯೇ ಆಗುವುದು.”

ಮಾಗಿಯ ಚಳಿ. ಗಾಳಿ ಒಣಗಿತ್ತು, ತುಟಿಗಳು ಒಡೆದಿದ್ದವು. ಮೊದಲು ಬಂದವನು ನೆರೆ ಸಂಸ್ಥಾನದ ರಾಜಕುಮಾರ ಜಯಪಾಲ.

ಹೊನ್ನಾಂಬೆ ಕೇಳಿದಳು. “ಹಲ್ಲಿಲ್ಲ, ಕಚ್ಚುತ್ತದೆ. ಗಾಯವಿಲ್ಲ, ನೋಯುತ್ತದೆ. ಕಚ್ಚಿದೊಡನೆ ಇಲ್ಲವಾಗುತ್ತದೆ. ಯಾವುದು ಅದು?”

“ಚೇಳು!” ಎಂದ ಜಯಪಾಲ. ಮೋಟಾರಿನ ಗಾದಿಗಳನ್ನೆಲ್ಲ ಕಿತ್ತು ಹುಡುಕಿದರು. ಚೇಳಿರಲಿಲ್ಲ. ಅವನನ್ನು ಸೆರೆಮನೆಗೆ ಕರೆದೊಯ್ದರು.

ಆಮೇಲೆ ಬಂದ ಮಂತ್ರವಾದಿ ಅದು ಪ್ರೇತವೆಂದ. ಮೋಟಾರಿನ ಸುತ್ತ ನಿಂಬೆಹಣ್ಣು ಕಟ್ಟಿಸಿ, “ಈಗ ಇಳಿದು ನೋಡಿ ದೊರೆಗಳೇ” ಎಂದ. ದೊರೆ ಇಳಿದು ಕಳಶ ಮುಟ್ಟಿದ. ಟಿಕ್ ಎಂದಿತು. ಮಂತ್ರವಾದಿಯೂ ಸೆರೆಮನೆ ಸೇರಿದ.

ಅಮಾವಾಸ್ಯೆಯ ಹಿಂದಿನ ದಿನ ಕಂಬಳಿ ಹೊದ್ದ ಯುವಕನೊಬ್ಬ ಸಭೆಯ ಬಾಗಿಲಲ್ಲಿ ನಿಂತ. ಮಾಳಿಂಗ, ಕಂಬಳಿ ನೇಯುವವನು. ನೀಲವ್ವನ ತಮ್ಮ.

ಮೋಟಾರಿನ ಬಾಗಿಲು ತೆಗೆಯುವ ಊಳಿಗದ ಓಬಯ್ಯ ಅವನ ತೋಳು ಹಿಡಿದ. “ಮನೆಯಲ್ಲಿ ಒಬ್ಬಳು ಹೋಗೋದು ಸಾಲದೇನೋ? ನಿಮ್ಮವ್ವನ ಮುಖ ನೋಡು, ವಾಪಸ್ಸು ಹೋಗು.”

“ಅವ್ವನೇ ಕಳಿಸ್ಯಾಳೆ, ಮಾವ” ಎಂದು ಮಾಳಿಂಗ ಒಳಗೆ ಬಂದ.

ಹೊನ್ನಾಂಬೆ ಮೊದಲ ಒಗಟು ಹೇಳಿದಳು. ಮಾಳಿಂಗ ಹೊದ್ದ ಕಂಬಳಿಯನ್ನು ತಲೆಯ ಮೇಲಿಂದ ಸರಕ್ಕನೆ ಎಳೆದ. ಚಟಚಟ ಸದ್ದಾಯಿತು. ಅವನ ಕೂದಲು ನೆಟ್ಟಗೆ ನಿಂತಿತು. ಸಭೆಯಲ್ಲಿ ಯಾರೋ ನಕ್ಕರು.

“ಇದೇ ತಾಯಿ. ಉಜ್ಜಿದರೆ ಹುಟ್ಟೋ ಕಿಡಿ. ಕತ್ತಲಲ್ಲಿ ಎಳೆದರೆ ಕಣ್ಣಿಗೂ ಕಾಣ್ತದೆ. ದೊರೆಗಳ ಗಾದಿಗೆ ಉಣ್ಣೆ ಬಟ್ಟೆ, ಮೈಮೇಲೆ ರೇಷ್ಮೆ. ಕೂತು ಸರಿದಾಡಿದರೆ ಅದು ಮೈಯಲ್ಲಿ ತುಂಬಿಕೊಳ್ತದೆ.”

ನಗು ನಿಂತಿತು. ಹೊನ್ನಾಂಬೆ ಎರಡನೆಯ ಒಗಟು ಕೇಳಿದಳು.

“ಮಳೆಗಾಲದಲ್ಲಿ ಅದೇ ಮೋಟಾರು, ಅದೇ ಕಳಶ, ಅದೇ ಕೈ. ಆಗ ಕಚ್ಚಲಿಲ್ಲ. ಅದನ್ನು ನುಂಗಿದವರು ಯಾರು?”

“ನೀರು, ತಾಯಿ. ಗಾಳಿಯಲ್ಲಿ ತೇವ ಇದ್ದರೆ ಅದು ಮೈಯಲ್ಲಿ ನಿಲ್ಲೋದಿಲ್ಲ. ಈ ಚಳಿಯಲ್ಲಿ ಉಣ್ಣೆಯ ಎಳೆಗಳು ಒಂದನ್ನೊಂದು ದೂಡಿ ಸೆಟೆದು ನಿಲ್ತಾವೆ. ನಾವು ನೀರು ಚಿಮುಕಿಸ್ತೀವಿ, ಸುಮ್ಮನಾಗ್ತಾವೆ.” ಅವನು ಕಂಬಳಿಯ ಮೇಲೆ ನೀರು ಎರಚಿಸಿ ಮತ್ತೆ ತಲೆಯ ಮೇಲಿಂದ ಎಳೆದ. ಈ ಸಲ ಸದ್ದಿಲ್ಲ.

“ಕಡೆಯದು” ಎಂದಳು ಹೊನ್ನಾಂಬೆ. ದನಿ ಸಣ್ಣದಾಗಿತ್ತು. “ಒಂದೇ ಮೋಟಾರಿನಲ್ಲಿ ಇಬ್ಬರು ಬಂದರು. ಮುಂದೆ ಕೂತ ಡ್ರೈವರನನ್ನು ಅದು ಕಚ್ಚಲಿಲ್ಲ, ಹಿಂದೆ ಕೂತ ದೊರೆಯನ್ನು ಕಚ್ಚಿತು. ಹಿಂದೆ ಕೂತವನು ಕಚ್ಚಿಸಿಕೊಳ್ಳದೆ ಇಳಿಯುವುದು ಹೇಗೆ?”

ಮಾಳಿಂಗ ಎಂದೂ ಮೋಟಾರು ಹತ್ತಿದವನಲ್ಲ.

“ತಾವೊಮ್ಮೆ ಇಳಿದು ತೋರಿಸಬೇಕು, ತಾಯಿ.”

ಎಲ್ಲರೂ ಅಂಗಳಕ್ಕೆ ಬಂದರು. ಹೊನ್ನಾಂಬೆ ಹಿಂದಿನ ಗಾದಿಯಲ್ಲಿ ಕೂತಳು. ಓಬಯ್ಯ ಬಾಗಿ ಬಾಗಿಲು ತೆರೆದ. ಅವಳು ಎರಡೂ ಕೈಗಳನ್ನು ಎದೆಗೆ ಜೋಡಿಸಿ, ರೇಷ್ಮೆಯ ಸೆರಗು ಗಾದಿಗೆ ಉಜ್ಜುತ್ತ ಸರಿದು, ರಬ್ಬರು ಅಟ್ಟೆಯ ಮೆಟ್ಟಿನ ಕಾಲನ್ನು ನೆಲಕ್ಕಿಟ್ಟಳು. ಅಂಗಳದಲ್ಲಿಟ್ಟಿದ್ದ ತಾಮ್ರದ ಕಳಶಕ್ಕೆ ಬೆರಳು ತಾಗಿಸಿದಳು. ಟಿಕ್. ಕೈ ಹಿಂದೆಳೆದುಕೊಂಡಳು.

“ಬಾಗಿಲು ಯಾಕೆ ಹಿಡಕೊಳ್ಳಲಿಲ್ಲ, ತಾಯಿ?”

ಓಬಯ್ಯ ಗದರಿದ. “ಏಯ್, ಅರಸು ಮನೆಯವರು ಬಾಗಿಲು ಮುಟ್ಟುತ್ತಾರೇನೋ? ಕಳಶ ಮುಟ್ಟೋ ತನಕ ಅವರ ಕೈ ಏನನ್ನೂ ಮುಟ್ಟಬಾರದು. ಅದು ಅರಮನೆಯ ಪದ್ಧತಿ.”

“ಡ್ರೈವರು?”

“ಅವನಿಗೆ ಯಾರು ತೆಗೀತಾರೆ? ತಾನೇ ಹಿಡಿದು ತಾನೇ ಇಳೀತಾನೆ.”

ಮಾಳಿಂಗ ಬಾಗಿಲಿನ ಅಂಚನ್ನು ಮುಟ್ಟಿ ನೋಡಿದ. ಉತ್ತರ ಸಿಕ್ಕಿತ್ತು. ಅದನ್ನು ದೊರೆಯ ಮುಂದೆ ಹೇಳುವುದೇ ಕಷ್ಟವಾಗಿತ್ತು.

“ದೊರೆಗಳೇ, ತಪ್ಪಾದರೆ ನನ್ನ ತಲೆ ಹೇಗೂ ಇಲ್ಲೇ ಇದೆ. ಗಾದಿ ಬಿಟ್ಟು ಏಳೋ ಮೊದಲೇ ತಾವು ಬಾಗಿಲಿನ ಕಬ್ಬಿಣ ಹಿಡೀಬೇಕು. ಬರಿಗೈಯಲ್ಲಿ. ಕಾಲು ನೆಲಕ್ಕೆ ತಾಗೋ ತನಕ ಬಿಡಬಾರದು. ಆಗ ಮೈಯಲ್ಲಿರೋದು ಕಬ್ಬಿಣದೊಳಗೆ ಸದ್ದಿಲ್ಲದೆ ಹರಿದು ಹೋಗ್ತದೆ. ಏನನ್ನೂ ಮುಟ್ಟದೆ ಇಳಿದರೆ ಅದು ಮೈಯಲ್ಲೇ ಉಳಿದು, ಮೊದಲು ಸಿಕ್ಕ ಲೋಹಕ್ಕೆ ಹಾರ್ತದೆ. ಮೊದಲು ಸಿಗೋದು ಅಕ್ಕನ ಕಳಶ.”

ಮಂತ್ರಿ ಕೂಗಿದ. “ಪದ್ಧತಿ ಮುರಿಯಬೇಕೇ?”

ಹಂಪನಾಯಕ ಅವನತ್ತ ನೋಡಲಿಲ್ಲ. “ನೀಲವ್ವನನ್ನು ಕರೆತನ್ನಿ” ಎಂದು ಮೋಟಾರು ಹತ್ತಿದ.

ನೀಲವ್ವನ ಕೈಗೆ ಕಳಶ ಕೊಟ್ಟರು. ಓಬಯ್ಯ ಬಾಗಿಲು ತೆಗೆದು ಅಭ್ಯಾಸದಂತೆ ತಲೆ ಬಾಗಿಸಿದ. ದೊರೆ ಕೈ ಚಾಚಿ ಬಾಗಿಲಿನ ಅಂಚನ್ನು ಬಿಗಿಯಾಗಿ ಹಿಡಿದ. ಹಾಗೆಯೇ ಗಾದಿ ಬಿಟ್ಟು ಎದ್ದ. ಒಂದು ಕಾಲು ನೆಲಕ್ಕಿಟ್ಟ, ಇನ್ನೊಂದು ಇಟ್ಟ, ಆಮೇಲೆ ಕೈಬಿಟ್ಟ. ನೀಲವ್ವ ಕಣ್ಣು ಮುಚ್ಚಿಕೊಂಡಳು.

ದೊರೆಯ ಬೆರಳು ಕಳಶ ಮುಟ್ಟಿತು. ಏನೂ ಆಗಲಿಲ್ಲ.

ದೊರೆ ಇನ್ನೊಮ್ಮೆ ಮುಟ್ಟಿದ. ಆಮೇಲೆ ಅಂಗೈಯನ್ನೇ ಕಳಶಕ್ಕೆ ಒತ್ತಿ ನಿಂತ. “ಕಣ್ಣು ಬಿಡು, ನೀಲವ್ವ” ಎಂದ.

ಹೊನ್ನಾಂಬೆ ಮೆಲ್ಲಗೆ ಹೇಳಿದಳು. “ಅಪ್ಪಾಜಿ, ಉತ್ತರ ನನಗೂ ತಿಳಿದಿರಲಿಲ್ಲ. ಅಮಾವಾಸ್ಯೆಯೊಳಗೆ ಯಾರಾದರೂ ಬಿಡಿಸಿದರೆ ಇವಳು ಉಳಿಯುತ್ತಾಳೆ, ಅಷ್ಟೇ ಗೊತ್ತಿತ್ತು.”

ದೊರೆ ತಲೆ ತಗ್ಗಿಸಿದ. ಮಾಳಿಂಗನತ್ತ ತಿರುಗಿ, “ಏನು ಬೇಕೋ ಕೇಳು” ಎಂದ.

“ಅಕ್ಕನ್ನ ಬಿಡಿ. ಒಳಗಿರೋ ಆ ಇಬ್ಬರನ್ನೂ ಬಿಡಿ.”

“ಅದು ನಾನು ಸಲ್ಲಿಸಬೇಕಾದ ನ್ಯಾಯ. ಬಹುಮಾನ ಕೇಳು.”

ಮಾಳಿಂಗ ಯೋಚಿಸಿದ. “ಕೋಟೆ ಸುತ್ತಲಿನ ಹುಲ್ಲುಗಾವಲಲ್ಲಿ ನಮ್ಮ ಕುರಿ ಮೇಯಲಿ ದೊರೆಗಳೇ. ಕಾವಲಿನವರು ಹೊಡೀತಾರೆ.”

“ಇಂದಿನಿಂದ ಆ ಹುಲ್ಲುಗಾವಲು ನಿಮ್ಮದು.” ದೊರೆ ನೀಲವ್ವನತ್ತ ನೋಡಿದ. “ದಣಿದಿದ್ದೀಯಮ್ಮ. ಮೋಟಾರಿನಲ್ಲಿ ಮನೆಗೆ ಬಿಟ್ಟುಬರುತ್ತಾರೆ.”

ನೀಲವ್ವ ಕಳಶವನ್ನು ನೆಲಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

“ಬೇಡ ದೊರೆಗಳೇ. ನಡೆದೇ ಹೋಗ್ತೀವಿ.”

ಅಕ್ಕ ತಮ್ಮ ಕೋಟೆಯ ಬಾಗಿಲು ದಾಟಿದರು. ಹಾದಿ ಬಿಟ್ಟು ಹುಲ್ಲಿನ ನಡುವೆ ನಡೆದರು. ಕಾವಲಿನವರು ನೋಡಿದರು, ತಡೆಯಲಿಲ್ಲ.