ಬಾಯ್ಲರ್ ಮುಂದಿನ ಎಂಟು ದಿನ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಒಂದು ಬೆಳಗ್ಗೆ ಅವರ ಹಳೆಯ ಶಿಷ್ಯೆ ದಾಕ್ಷಾಯಣಿ ಬಂದಳು. ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಈಗ ಅವಳ ಕೈಯಲ್ಲಿತ್ತು. ನಾನೂರು ಜನ ಅಲ್ಲಿ ದುಡಿಯುತ್ತಿದ್ದರು.

“ಅಜ್ಜಾರ, ನಮ್ಮ ಬಾಯ್ಲರ್ ಕಲ್ಲಿದ್ದಲು ಸುಡತೈತಿ. ಎರಡು ವರ್ಷದಾಗ ಅದನ್ನ ನಿಲ್ಲಸಲಿಲ್ಲಂದ್ರ ನಿಮ್ಮ ನೂಲು ಬ್ಯಾಡ ಅಂತ ದೊಡ್ಡ ಗಿರಾಕಿ ಹೇಳ್ಯಾರ. ಅವರು ಹೋದ್ರ ಕಾರ್ಖಾನೆಗೆ ಬೀಗ.”

“ನಿಲ್ಲಸು.”

“ಹೆಂಗ ನಿಲ್ಲಸಲಿ? ಕರೆಂಟಿನ ದೊಡ್ಡ ಯಂತ್ರ ಹಾಕಬೇಕು ಅಂದ್ರ ಸಾಲ ಕೊಡಾಕ ಬ್ಯಾಂಕಿನವರು ಹಿಂದ ಸರೀತಾರ. ಸೋಲಾರ್ ಅಂದ್ರ, ಅದರಿಂದ ಇಷ್ಟು ಹಬೆ ಬರಂಗಿಲ್ಲ ಅಂತ ಎಂಜಿನಿಯರು ಅಂತಾರ. ತಜ್ಞರನ್ನ ಕರಸಿ ಮೂರು ವರದಿ ಬರಸೀನಿ. ಮೂರೂ ಕಪಾಟಿನ್ಯಾಗ ಅದಾವ.”

“ಆ ಬಾಯ್ಲರಿಗೆ ಕಲ್ಲಿದ್ದಲು ಹಾಕಾಂವ ಯಾರು?”

ದಾಕ್ಷಾಯಣಿಗೆ ಮುಖ ನೆನಪಾಯಿತು. ಹೆಸರು ನೆನಪಾಗಲಿಲ್ಲ.

“ಎಂಟು ದಿನ ಅವನ ಜೋಡಿ ನಿಂದ್ರು,” ಎಂದು ಅಜ್ಜಾರು ಎದ್ದು ಹೋದರು.

ಅವಳಿಗೆ ಸಿಟ್ಟು ಬಂತು. ಆದರೂ ನಿಂತಳು.

ಅವನ ಹೆಸರು ದ್ಯಾಮಣ್ಣ. ಇಪ್ಪತ್ತೆರಡು ವರ್ಷದಿಂದ ಅದೇ ಬಾಯ್ಲರಿನ ಮುಂದೆ ದುಡಿಯುತ್ತಿದ್ದ.

ಎರಡು ದಿನ ಅವನು ಮಾತೇ ಆಡಲಿಲ್ಲ. ಮೂರನೆಯ ದಿನ ಅವಳು ತಾನೇ ಸಲಿಕೆ ಹಿಡಿದಳು. ಸ್ವಲ್ಪ ಹೊತ್ತಿಗೇ ಅಂಗೈಯಲ್ಲಿ ಬೊಬ್ಬೆ ಎದ್ದಿತು. ದ್ಯಾಮಣ್ಣ ನಕ್ಕುಬಿಟ್ಟ. ನಕ್ಕಿದ್ದಕ್ಕೆ ಹೆದರಿದ. ಅವಳೂ ನಕ್ಕಳು.

ಐದನೆಯ ದಿನ ಅವನಾಗಿಯೇ ಅವಳನ್ನು ಕಾರ್ಖಾನೆಯ ಹಿಂದಕ್ಕೆ ಕರೆದೊಯ್ದ. ಅಲ್ಲಿ ಮೋರಿಯ ನೀರು ಹಬೆಯಾಡುತ್ತಿತ್ತು.

“ನೋಡ್ರಿ, ಹಬೆ ಆರಿ ಬಂದ ಇಂಥಾ ಚೊಕ್ಕ ಬಿಸಿನೀರು ಮೋರಿಗೆ ಬಿಡತೀವಿ. ತಣ್ಣೀರು ತಂದು ಮತ್ತ ಕಾಸತೀವಿ. ಮ್ಯಾಲಿನ ಪೈಪು ನಾಕ್ ಕಡೆ ಸೋರತೈತಿ. ನೂಲು ಒಣಗಸಾಕ ಹಬೆ ಬೇಕು, ಖರೆ. ಬಣ್ಣದ ತೊಟ್ಟಿಗೆ ಬರೇ ಬಿಸಿನೀರು ಸಾಕ್ರಿ. ಅಷ್ಟು ಬಿಸಿ ನಮ್ಮ ಬಿಸಿಲಿಗೇ ಆಗತೈತಿ.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ರಿ.”

ಮೋರಿಯ ಕಡೆ ನೋಡುತ್ತ ಅಂದ: “ಬಾಯ್ಲರ್ ಆರಿದ ದಿನ ನನ್ನ ಕೆಲಸನೂ ಹೋಗತೈತಲ್ರಿ, ಅಕ್ಕಾರ.”

ದಾಕ್ಷಾಯಣಿ ಎಂಟೂ ದಿನ ಮುಗಿಸಿದಳು.

ಅವಳು ಪೈಪುಗಳನ್ನು ದುರಸ್ತಿ ಮಾಡಿಸಿದಳು. ಮೋರಿಗೆ ಹೋಗುತ್ತಿದ್ದ ನೀರನ್ನು ಮತ್ತೆ ಬಾಯ್ಲರಿಗೆ ತಿರುಗಿಸಿದಳು. ಬಣ್ಣದ ತೊಟ್ಟಿಗಳಿಗೆಂದು ಚಾವಣಿಯ ಮೇಲೆ ಸೋಲಾರ್ ಹೀಟರುಗಳನ್ನು ಕೂಡಿಸಿದಳು. ವಾರಕ್ಕೆ ಆರು ಬರುತ್ತಿದ್ದ ಕಲ್ಲಿದ್ದಲಿನ ಲಾರಿ ಮೂರಕ್ಕೆ ಇಳಿಯಿತು. ಉಳಿದದ್ದು ನೂಲು ಒಣಗಿಸುವ ಹಬೆ ಮಾತ್ರ; ಅಷ್ಟಕ್ಕೆ ಸಣ್ಣದೊಂದು ಕರೆಂಟಿನ ಯಂತ್ರವೇ ಸಾಕಿತ್ತು. ಅದಕ್ಕೆ ಬ್ಯಾಂಕಿನವರೂ ಒಪ್ಪಿದರು.

ವರ್ಷ ಕಳೆದ ಮೇಲೆ ಅವಳು ಮತ್ತೆ ಆಶ್ರಮಕ್ಕೆ ಬಂದಳು.

“ಅಜ್ಜಾರ, ಗಿರಾಕಿ ಉಳದಾರ. ಬರೂ ತಿಂಗಳು ಬಾಯ್ಲರ್ ಆರಸತೀವಿ. ಆದ್ರ ಒಂದು ಚಿಂತಿ ಬಿಡವಲ್ದು. ದ್ಯಾಮಣ್ಣಗ ಇನ್ನ ಯಾವ ಕೆಲಸ ಕೊಡಲಿ?”

ಹೊಳೆಯನ್ನು ನೋಡುತ್ತಿದ್ದ ಅಜ್ಜಾರು ಅವಳ ಕಡೆ ತಿರುಗಿದರು.

“ನನ್ನನ್ಯಾಕ ಕೇಳತೀ?”