ಮೊಟ್ಟೆಯಿಟ್ಟ ಕೋಳಿ ಬೀದಿಗೆಲ್ಲ ಕೇಳುವಂತೆ ಕೂಗುವುದೇಕೆ?

ಲೋಕ ಇನ್ನೂ ಹೊಸದಾಗಿತ್ತು. ಸೂರ್ಯನೂ ಕೆಲಸಕ್ಕೆ ಹೊಸಬ. ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ. ಅವನನ್ನು ತಿರುಗಿ ನೋಡಲೂ ಪುರುಸೊತ್ತಿಲ್ಲದವಳು ಒಬ್ಬಳೇ, ಕೆಂಚವ್ವ ಎಂಬ ಕೋಳಿ.

ಕೆಂಚವ್ವ ಕಾಡಿಗೆಲ್ಲ ಸೂಲಗಿತ್ತಿ. ಮೊಲಕ್ಕೆ ನೋವು ಬಂದರೆ ನಡುಹಗಲಲ್ಲಿ ಓಡುವಳು. ಬಾವಲಿಗೆ ನೋವು ಬಂದರೆ ಕತ್ತಲಲ್ಲಿ ಎಡವಿಕೊಂಡು ಓಡುವಳು. ಹೆರಿಗೆ ಮಾಡಿಸಿ, ಮರಿಯ ಮೈ ಒರೆಸಿ, ಗೂಡುಗೂಡಿನ ಮುಂದೆ ನಿಂತು "ಮರಿ ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ" ಎಂದು ಸಾರುವುದೂ ಅವಳದೇ ಕೆಲಸ. ಸಿಕ್ಕಾಗ ಎರಡು ಕಾಳು ನುಂಗುವಳು, ಸಿಕ್ಕಲ್ಲಿ ಕಣ್ಣು ಮುಚ್ಚುವಳು. ಅವಳ ಗಂಡ ಹುಂಜ ಬೆಳಗಾಯಿತೆಂದು ಕೂಗುವ ಹೊತ್ತಿಗೆ ಅವಳು ಆಗಷ್ಟೇ ಮಲಗಲು ಬರುತ್ತಿದ್ದಳು. ಪಾಪ, ಯಾರನ್ನು ಎಬ್ಬಿಸಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಕಾಡಿನ ತುಂಬ ಮರಿಗಳು. ಕೆಂಚವ್ವನ ಗೂಡು ಮಾತ್ರ ಖಾಲಿ. ಅಪರೂಪಕ್ಕೆ ಒಂದು ಮೊಟ್ಟೆ ಬಂದರೂ ಅದಕ್ಕೆ ಚಿಪ್ಪೇ ಇರುತ್ತಿರಲಿಲ್ಲ. ಮುಟ್ಟಿದರೆ ಒಡೆದುಹೋಗುತ್ತಿತ್ತು.

ಒಂದು ಸಂಜೆ ಅವಳು ಹುಣಸೆಮರದ ಬುಡದಲ್ಲಿ ಕೂತು ಅತ್ತೇ ಬಿಟ್ಟಳು. ಮರ ತನ್ನ ಎಲೆಗಳನ್ನು ಒಂದೊಂದಾಗಿ ಮಡಚಿಕೊಳ್ಳುತ್ತಿತ್ತು.

"ಯಾಕವ್ವ ಅಳ್ತೀಯ?" ಎಂದು ಮರ ಕೇಳಿತು.

"ಎಲ್ಲರ ಮಕ್ಕಳನ್ನೂ ಈ ರೆಕ್ಕೇಲಿ ಎತ್ಕೊಂಡೆ. ನಂದೇ ಒಂದನ್ನ ಎತ್ಕೊಳ್ಳೋ ಭಾಗ್ಯ ನನಗಿಲ್ವಲ್ಲ" ಎಂದಳು ಕೆಂಚವ್ವ.

ಮರ ಹೇಳಿತು: "ನಿನ್ನೊಳಗೂ ಒಬ್ಬ ಪುಟ್ಟ ಸೂರ್ಯ ಇದ್ದಾನೆ ಕಣವ್ವ. ಮೊಟ್ಟೆ ಮಾಡೋನು ಅವನೇ. ಮೇಲಿನ ಸೂರ್ಯನ್ನ ನೋಡ್ಕೊಂಡು ಅವನು ಏಳ್ಬೇಕು, ಅವನ ಜೊತೇಲೇ ಮಲಗ್ಬೇಕು. ನೀನು ದಿನಕ್ಕೊಂದು ಹೊತ್ತು ತೋರಿಸಿದ್ರೆ ಅವನು ಯಾವಾಗ ಕೆಲಸ ಹಿಡೀಬೇಕು? ನನ್ನ ನೋಡು. ಹೊತ್ತು ಮುಳುಗಿದ್ರೆ ಎಲೆ ಮಡಚ್ತೀನಿ."

"ನಾನು ಮಲಗಿದ್ರೆ ರಾತ್ರಿ ಹೆರೋರನ್ನ ಯಾರು ನೋಡ್ತಾರೆ?"

ಪೊಟರೆಯಿಂದ ಗೂಬವ್ವ ಇಣುಕಿದಳು. ಆಗ ತಾನೇ ಎದ್ದಿದ್ದಳು. "ನಾನಿಲ್ವಾ? ನನ್ನೊಳಗಿನ ಪುಟ್ಟ ಸೂರ್ಯ ಏಳೋದೇ ಈಗ. ಇಷ್ಟು ದಿನ ನೀನು ಕೇಳ್ಲೇ ಇಲ್ಲ."

ನಿಜ. ತನ್ನನ್ನು ಬಿಟ್ಟರೆ ಯಾರಿಗೂ ಆ ಕೆಲಸ ಬಾರದೆಂದು ಕೆಂಚವ್ವ ತಿಳಿದಿದ್ದಳು. ಅವಳಿಗೆ ನಾಚಿಕೆಯಾಯಿತು. ಅಂದೇ ಹುಣಸೆಯ ಕೊಂಬೆ ಹತ್ತಿ ಮಲಗಿದಳು.

ಮೂರನೆಯ ಸಂಜೆ ಮುಳ್ಳುಹಂದಿ ಓಡೋಡಿ ಬಂದಿತು. "ಕೆಂಚವ್ವಾ, ನನ್ನ ಹೆಂಡ್ತಿಗೆ ನೋವು ಬಂದೈತೆ, ಬಾ." ಕೆಂಚವ್ವನ ಕಾಲು ತಾನಾಗಿ ಎದ್ದಿತು. ಅವಳು ಕೊಂಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಗೂಬವ್ವ ಬರ್ತಾಳೆ. ಅವಳ ಕೈ ಒಳ್ಳೇದು" ಎಂದಳು. ಬೆಳಗ್ಗೆ ಎದ್ದರೆ ಎರಡು ಮರಿ, ತಾಯಿಯೂ ಸುಖ. ಕೆಂಚವ್ವನಿಗೆ ಸಂತೋಷವಾಯಿತು. ಒಂದು ಚೂರು ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಹೊತ್ತಿಗೆ ಮಲಗಿದಳು, ಹೊತ್ತಿಗೆ ಎದ್ದಳು, ಹೊತ್ತಿಗೆ ಕಾಳು ತಿಂದಳು. ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಬಂದ ಮೊಟ್ಟೆಗೆ ತೆಳ್ಳನೆಯ ಚಿಪ್ಪಿತ್ತು, ಅದೂ ಬಿರಿಯಿತು. ಅವಳು ಬಿಡಲಿಲ್ಲ. ಹೊತ್ತಿಗೆ ಮಲಗಿದಳು, ಹೊತ್ತಿಗೆ ಎದ್ದಳು.

ಒಂದು ಬೆಳಗ್ಗೆ, ಬಿಸಿಲು ಗೂಡಿಗೆ ಬಿದ್ದಾಗ, ಬಿಸಿಬಿಸಿಯಾದ ಒಂದು ಮೊಟ್ಟೆ. ಕೆಂಚವ್ವ ಹೆದರುತ್ತ ಹೆದರುತ್ತ ಕೊಕ್ಕು ತಾಗಿಸಿದಳು. ಟಕ್ ಎಂದಿತು. ಗಟ್ಟಿ ಚಿಪ್ಪು!

ಇಷ್ಟು ವರ್ಷ ಕಂಡವರ ಮನೆಯ ಸುದ್ದಿ ಸಾರಿದವಳು ತನ್ನ ಸುದ್ದಿಗೆ ಸುಮ್ಮನಿರುತ್ತಾಳೆಯೇ? ಗೂಡಿನಿಂದ ಹಾರಿ ಬಂದು, ಕತ್ತು ನಿಗುರಿಸಿ, "ಕೊಕ್ ಕೊಕ್ ಕೊಕ್ಕೋ, ನಂದು, ನಂದು, ನಂದೇ" ಎಂದು ಕೂಗಿದಳು. ಹುಂಜನೂ ದನಿಗೂಡಿಸಿದ. ಗೂಬವ್ವ ನಿದ್ದೆಗಣ್ಣಲ್ಲೇ ನಕ್ಕಳು. ದಿನಕ್ಕೊಂದರಂತೆ ಹನ್ನೊಂದು ಮೊಟ್ಟೆ ಕೂಡಿದವು. ಕಾವು ಕೂತ ಇಪ್ಪತ್ತೊಂದನೆಯ ದಿನ ಹನ್ನೊಂದು ಮರಿಗಳು ಅವಳ ರೆಕ್ಕೆಯಡಿ ನುಗ್ಗಿದವು.

ಅದಕ್ಕೇ ನೋಡು ಪುಟ್ಟೀ, ನಮ್ಮ ಹಿತ್ತಲ ಕೋಳಿ ದೀಪ ಹಚ್ಚುವ ಮೊದಲೇ ಗೂಡು ಸೇರುತ್ತದೆ, ಮತ್ತೆ ಮೊಟ್ಟೆಯಿಟ್ಟ ಕೂಡಲೇ ಹೊರಗೆ ಬಂದು ಬೀದಿಗೆಲ್ಲ ತನ್ನ ಮನೆಯ ಸುದ್ದಿಯನ್ನು ತಾನೇ ಸಾರುತ್ತದೆ.